ಹರೆಯದವರಿಗೂ ಲಕ್ವ: ಕೈಕಾಲು ಮರಳಿ ಬಳಕೆಗೆ ಬರುವ ಬಗೆ

ಲಕ್ವ ಮುದುಕರ ರೋಗವೆಂದು ಬಹಳ ಮಂದಿ ರೈತಬಾಂಧವರು ತಿಳಿದಿದ್ದಾರೆ. ಮೂವತ್ತು, ನಲವತ್ತರ ಗಟ್ಟಿ ಆಳಿಗೂ ಅದು ಹೊಡೆಯುತ್ತದೆ. ಆಗ ‘ಗಾಳಿ ಸೋಕಿದೆ, ಮಲಗಿದರೆ ಸರಿಹೋದೀತು’ ಎಂದು ಹೊತ್ತು ಕಳೆಯುವವರೇ ಹೆಚ್ಚು.

ಕಾಲುವೆಗೆ ಹೂಳು ತುಂಬಿದರೆ ಕೆಳಗಿನ ಗದ್ದೆ ಒಣಗುವುದಷ್ಟೆ. ಹಾಗೆಯೇ ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೆ ಅದರ ಮುಂದಿನ ಭಾಗ ಸಾಯತೊಡಗುತ್ತದೆ. ಕೆಲವರಲ್ಲಿ ನಾಳವೇ ಒಡೆಯುತ್ತದೆ. ಪರೀಕ್ಷೆ ಮಾಡಿಸದೆ ಬಿಟ್ಟ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ, ಕುಡಿತ ಇದಕ್ಕೆ ದಾರಿ. ಹೃದಯದ ಕವಾಟ ಕೆಟ್ಟವರಿಗೂ ಬಾಣಂತಿಯರಿಗೂ ಬರಬಹುದು. ಬಾಣಂತಿಗೆ ನೀರು ಕೊಡದೆ ಇಡುವ ಪದ್ಧತಿಯನ್ನು ಇನ್ನಾದರೂ ಬಿಡುವುದು ಒಳ್ಳೆಯದು.

ಮುಖ ಒಂದು ಕಡೆಗೆ ವಾಲಿದರೆ, ಎತ್ತಿದ ತೋಳು ತಾನಾಗಿ ಇಳಿದರೆ, ಮಾತು ತೊದಲಿದರೆ, ಇವುಗಳಲ್ಲಿ ಒಂದೇ ಕಂಡರೂ ಒಡನೆಯೇ 108ಕ್ಕೆ ಕರೆಮಾಡಿ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಿರಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದುದರಿಂದ ರೋಗ ಯಾವ ಹೊತ್ತಿಗೆ ಶುರುವಾಯಿತೆಂದು ವೈದ್ಯರಿಗೆ ತಿಳಿಸಿರಿ. ಬಾಯಿಗೆ ನೀರು, ಮಾತ್ರೆ ಹಾಕಬೇಡಿರಿ. ಪಾರಿವಾಳದ ರಕ್ತ ತಿಕ್ಕಿದರೆ ಪಾರಿವಾಳ ಸಾಯುತ್ತದೆಯೇ ಹೊರತು ಲಕ್ವ ಹೋಗುವುದಿಲ್ಲ.

ರೋಗಿ ಮನೆಗೆ ಬಂದ ಮೇಲೆ ದುಡಿಮೆ ಮನೆಯವರದು. ಸತ್ತ ಮೆದುಳಿನ ಭಾಗ ಮತ್ತೆ ಚಿಗುರದು. ಆದರೆ ಉಳಿದ ಭಾಗಗಳು ಅದರ ಕೆಲಸವನ್ನು ಎಷ್ಟೋ ಮಟ್ಟಿಗೆ ಕಲಿಯಬಲ್ಲವು. ಅಭ್ಯಾಸವೇ ಅವಕ್ಕೆ ಪಾಠ. ಮೊದಲ ಮೂರು ತಿಂಗಳಲ್ಲಿ ಸುಧಾರಣೆ ಹೆಚ್ಚು, ಅನಂತರವೂ ನಿಲ್ಲದು. ಹಾಸಿಗೆ ಹಿಡಿದವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿರಿ. ಸೋತ ಕೈಯನ್ನು ಜಗ್ಗಿ ಎಬ್ಬಿಸಬೇಡಿರಿ, ಭುಜದ ಕೀಲು ಸಡಿಲಿ ನೋವು ಕಾಡುತ್ತದೆ. ಬೆನ್ನಿಗೆ ಆಸರೆ ಕೊಟ್ಟು ಎಬ್ಬಿಸಿರಿ. ಊಟ ನೆಟ್ಟಗೆ ಕೂರಿಸಿಯೇ ಆಗಬೇಕು. ನುಂಗುವಾಗ ಕೆಮ್ಮು ಬಂದರೆ ನಿಲ್ಲಿಸಿ ವೈದ್ಯರನ್ನು ಕೇಳಿರಿ.

ಫಿಜಿಯೋಥೆರಪಿಯವರು ತೋರಿಸಿಕೊಟ್ಟ ವ್ಯಾಯಾಮದ ಜೊತೆಗೆ ಮನೆಗೆಲಸವನ್ನೂ ಸೇರಿಸಿರಿ. ಅವರೆಕಾಯಿ ಬಿಡಿಸುವುದು, ಕಡಲೆಕಾಯಿ ಆರಿಸಿ ಮೊರಕ್ಕೆ ಹಾಕುವುದು, ಚೊಂಬು ಎತ್ತಿ ಇಡುವುದು, ಎಲ್ಲವೂ ಸೋತ ಕೈಯಿಂದ, ದಿನವೂ, ಹಲವು ಸಲ. ಒಳ್ಳೆಯ ಕೈ ತಾನೇ ಮುಂದೆ ಬರುತ್ತದೆ, ಅದನ್ನು ತಡೆಯಬೇಕು. ‘ಪಾಪ, ಆಗುವುದಿಲ್ಲ’ ಎಂದು ತಾಯಿಯೋ ಹೆಂಡತಿಯೋ ಎಲ್ಲವನ್ನೂ ಮಾಡಿಕೊಟ್ಟರೆ ಆ ಕೈ ಹಾಗೆಯೇ ಉಳಿದುಬಿಡುತ್ತದೆ. ಅಂಗಳದಲ್ಲಿ ನಡೆಸುವಾಗ ಸೋತ ಮಗ್ಗುಲಿಗೆ ಒಬ್ಬರು ನಿಂತಿರಲಿ.

ಮಾತು ಹೋದವರೆಲ್ಲ ಬುದ್ಧಿ ಹೋದವರಲ್ಲ. ಅವರ ಎದುರಿಗೇ ಸಾಲದ ಮಾತು, ಜಮೀನಿನ ಮಾತು ಅವರಿಲ್ಲದಂತೆ ಆಡುವುದು ತರವಲ್ಲ. ಹೌದು, ಅಲ್ಲ ಎಂದು ತಲೆಯಾಡಿಸಿ ಹೇಳಬಹುದಾದಂತೆ ಕೇಳಿ, ಉತ್ತರಕ್ಕೆ ಕಾಯಿರಿ. ದುಡಿಯುವ ವಯಸ್ಸಿನವನಿಗೆ ಕೆಲಸ ನಿಂತ ಚಿಂತೆಯೇ ದೊಡ್ಡದು. ಊಟ, ನಿದ್ದೆ ಬಿಟ್ಟು ಮಂಕಾಗಿ ಕುಳಿತರೆ ಅದಕ್ಕೂ ಚಿಕಿತ್ಸೆಯಿದೆ. ಡೇರಿಯ ಹಾಲಿನ ಲೆಕ್ಕವನ್ನಾದರೂ ಅವನಿಗೇ ವಹಿಸಿರಿ.

ಕೈ ಆಡಿತೆಂದು ರಕ್ತದೊತ್ತಡದ ಮಾತ್ರೆ ಬಿಡಕೂಡದು. ಊನ ಉಳಿದವರು ವೈದ್ಯಕೀಯ ಪ್ರಮಾಣಪತ್ರ ಪಡೆಯಬೇಕು. 2016ರ ಕಾಯಿದೆಯಂತೆ ಶೇಕಡಾ 40ಕ್ಕೆ ಕಡಿಮೆಯಿಲ್ಲದ ಊನವುಳ್ಳವರಿಗೆ ಹಲವು ಸೌಲಭ್ಯಗಳುಂಟು. ಅರ್ಜಿಯ ವಿವರವನ್ನು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಲ್ಲಿ ಕೇಳಬಹುದು.