ತಾತನಿಗೆ ಮಾತ್ರ ಕಾಣುವ ನೆಂಟರು

ಪಾರ್ಕಿನ್ಸನ್ ಇರುವ ತಾತ ಮುಸ್ಸಂಜೆಯಲ್ಲಿ ಮೂಲೆ ತೋರಿಸಿ, "ಆ ಹುಡುಗರು ಯಾರ ಮನೆಯವು? ಊಟಕ್ಕಿಕ್ಕು" ಅಂದರೆ ಮಕ್ಕಳು ಮೊದಲು ನಗುತ್ತಾರೆ, ಆಮೇಲೆ ಹೆದರುತ್ತಾರೆ. ಅಪ್ಪ ಅಮ್ಮಂದಿರಾದ ನೀವು ಮುಚ್ಚಿಡದೆ ಹೇಳಿ: ಇದು ಮೆದುಳಿನ ಕಾಯಿಲೆ, ಗಾಳಿ ಸೋಕಿದ್ದಲ್ಲ, ತಾತ ಸುಳ್ಳಾಡುತ್ತಿಲ್ಲ.

ಕಾಯಿಲೆ ಹಳೆಯದಾದಂತೆ ಇಲ್ಲದ ಜನ, ನಾಯಿ, ಹುಳ ಕಾಣುವುದು ಅಪರೂಪವೇನಲ್ಲ. ನಡುಕಕ್ಕೆ ಕೊಡುವ ಮಾತ್ರೆಗಳೂ ಇದಕ್ಕೆ ಕಾರಣವಾಗಬಲ್ಲವು. ಕೆಲವರಲ್ಲಿ ಅನುಮಾನ ಬಲಿಯುತ್ತದೆ: ಸೊಸೆ ದುಡ್ಡು ಕದ್ದಳು, ಹೆಂಡತಿ ದಾರಿ ತಪ್ಪಿದಳು. ಜೀವಮಾನವೆಲ್ಲ ಜೊತೆಗೆ ಬಾಳಿದ ಅಜ್ಜಿ ಈ ಮಾತು ಕೇಳಬೇಕಲ್ಲ; ಸಮಾಧಾನ ಬೇಕಾದದ್ದು ಆಕೆಗೂ ಹೌದು.

"ಎಲ್ಲಿದ್ದಾರೆ, ತೋರಿಸು" ಎಂದು ವಾದಕ್ಕೆ ನಿಲ್ಲಬೇಡಿ. ಹೌದು ಹೌದು ಎನ್ನುತ್ತಾ ತಟ್ಟೆ ಹಾಕಲೂ ಬೇಡಿ. "ನಂಗೆ ಕಾಣ್ತಿಲ್ಲಪ್ಪ, ಆದ್ರೆ ಹೆದರ್ಬೇಡಿ, ನಾನಿಲ್ಲೇ ಇದ್ದೀನಿ" ಅಂದರೆ ಸಾಕು. ಕತ್ತಲಾಗುವ ಮೊದಲೇ ದೀಪ ಹಾಕಿ. ಗೂಟಕ್ಕೆ ನೇತುಹಾಕಿದ ಪಂಚೆ, ಕಂಬಳಿ ತೆಗೆಯಿರಿ. ಮಬ್ಬು ಬೆಳಕಲ್ಲಿ ಎಷ್ಟೋ ಸಲ ಅದೇ ಆಳಾಗಿ ನಿಂತಿರುತ್ತದೆ. ಮಚ್ಚು, ಕುಡುಗೋಲು ಕೈಗೆ ಸಿಗದಿರಲಿ. ಕಣ್ಣಿಗೆ ಪೊರೆ ಬಂದಿದ್ದರೆ ಪಾವಗಡದ ಶಾರದಾದೇವಿ ಕಣ್ಣಿನ ಆಸ್ಪತ್ರೆಯಂಥ ಕಡೆ ತೋರಿಸಿ. ನೋಟ ಮಂಜಾದಷ್ಟೂ ಭ್ರಮೆ ಹೆಚ್ಚು.

ನೆನ್ನೆ ಮೊನ್ನೆವರೆಗೆ ಸರಿಯಿದ್ದವರು ದಿಢೀರನೆ ಬಡಬಡಿಸತೊಡಗಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಮೂತ್ರದ ಸೋಂಕು, ಜ್ವರ, ಮಲಬದ್ಧತೆ, ಇಲ್ಲವೇ ಶಿರಾ, ಪಾವಗಡದ ಬಿಸಿಲಿಗೆ ಮೈಯ ನೀರಾರಿದ್ದು, ಇದರಲ್ಲಿ ಯಾವುದಾದರೂ ಇದ್ದೀತು.

ಭ್ರಮೆ ತಂದಿತೆಂದು ನಡುಕದ ಮಾತ್ರೆಯ ಮೇಲೆ ಸಿಟ್ಟಾಗಿ ನೀವೇ ನಿಲ್ಲಿಸಬೇಡಿ. ಮೈ ಸೆಟೆದು, ವಿಪರೀತ ಜ್ವರ ಬಂದು ಜೀವಕ್ಕೇ ಕುತ್ತಾದೀತು. ಯಾವುದನ್ನು ಮೊದಲು ಇಳಿಸಬೇಕು ಎಂಬುದಕ್ಕೆ ವೈದ್ಯರಲ್ಲಿ ಒಂದು ಕ್ರಮವಿದೆ. ಈ ಕಾಯಿಲೆಯ ಮುಖ್ಯ ಔಷಧಿಯಾದ ಲೆವೊಡೋಪಕ್ಕೆ ಸಾಮಾನ್ಯವಾಗಿ ಕೊನೆಗೆ ಕೈ ಹಾಕುತ್ತಾರೆ. ಎಲ್ಲ ಶೀಟುಗಳನ್ನೂ ಚೀಲದಲ್ಲಿ ಒಯ್ಯಿರಿ, ನಾಟಿ ಔಷಧಿಯನ್ನೂ. ನಸುಗುನ್ನಿ ಬೀಜದ ಪುಡಿಯಲ್ಲಿ ಲೆವೊಡೋಪವೇ ಇದೆ. ಗೊತ್ತಿಲ್ಲದೆ ಡೋಸು ಏರಿರುತ್ತದೆ.

ರಾತ್ರಿ ಗಲಾಟೆ ಮಾಡಿದರೆಂದು ಇಂಜೆಕ್ಷನ್ ಕೊಡಿಸುವಾಗ "ಇವರಿಗೆ ಪಾರ್ಕಿನ್ಸನ್ ಇದೆ" ಎಂದು ಮೊದಲೇ ಹೇಳಿ. ಹ್ಯಾಲೊಪೆರಿಡಾಲ್ ಕೊಟ್ಟರೆ ನಡೆಯುವವರೂ ಮರಗಟ್ಟಿಹೋಗಬಹುದು. ರಿಸ್ಪೆರಿಡೋನ್, ಒಲಾಂಜಪಿನ್ ಕೂಡ ಇವರಿಗೆ ಆಗಿಬರುವುದಿಲ್ಲ. ಅಗತ್ಯ ಬಿದ್ದರೆ ವೈದ್ಯರು ಕ್ವೆಟಿಯಾಪಿನ್ ಅಥವಾ ಕ್ಲೋಜಪಿನ್ ಬರೆಯುತ್ತಾರೆ. ಕ್ಲೋಜಪಿನ್‌ಗೆ ಆಗಾಗ ರಕ್ತಪರೀಕ್ಷೆ ತಪ್ಪದು.

ಶನಿವಾರ ಪಾವಗಡದ ಶನಿಮಹಾತ್ಮನಿಗೆ ಎಳ್ಳುಬತ್ತಿ ಹಚ್ಚಿ ಬನ್ನಿ, ಬೇಡವೆನ್ನುವವನು ನಾನಲ್ಲ. ಬಸ್ಸಿನಲ್ಲಿ ಮಾತ್ರೆಯ ಹೊತ್ತು ಮೀರಬಾರದು, ಅಷ್ಟೆ. ಮಧುಗಿರಿ, ಕೊರಟಗೆರೆಯವರು ನೇರ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೊರಡುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಮಾನಸಿಕ ವೈದ್ಯರು ಬರುವ ದಿನ ಕೇಳಿಕೊಳ್ಳಿ. ದಿಕ್ಕು ತೋಚದ ರಾತ್ರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ; ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.