ಕ್ರಮವಿಧಿ ರಚನೆಯ ಉದ್ಯೋಗವೂ ಪ್ರಮಾಣಪತ್ರದ ಬೆಲೆಯೂ

ಭಂಕೂರ, ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಭಾಗದ ಮನೆಗಳಲ್ಲಿ ‘ಪ್ರಮಾಣಪತ್ರ’ ಎಂಬ ಶಬ್ದಕ್ಕೆ ವಿಶೇಷವಾದ ತೂಕವುಂಟು. ಜಾತಿಯ ಪತ್ರ, ಆದಾಯದ ಪತ್ರ, ವಾಸಸ್ಥಳದ ಪತ್ರ ಇವುಗಳಿಗಾಗಿ ಪಾಲಕರು ಕಚೇರಿಯಿಂದ ಕಚೇರಿಗೆ ಅಲೆದಿದ್ದಾರೆ. 2012ರ ಕೊನೆಯಲ್ಲಿ ಸಂಸತ್ತು ಅಂಗೀಕರಿಸಿದ ಸಂವಿಧಾನದ 98ನೆಯ ತಿದ್ದುಪಡಿಯಿಂದ 371(ಜೆ) ಅನುಚ್ಛೇದವು ಜಾರಿಗೆ ಬಂದ ಮೇಲೆ, ಈ ಪ್ರದೇಶದವರೆಂಬುದನ್ನು ತೋರಿಸುವ ಇನ್ನೊಂದು ಪತ್ರವೂ ಆ ಕಟ್ಟಿಗೆ ಸೇರಿತು. ಇವೆಲ್ಲವುಗಳ ಗುಣ ಒಂದೇ. ಪತ್ರವು ಕೈಯಲ್ಲಿದ್ದರೆ ಹಕ್ಕು ಕೈಯಲ್ಲಿದ್ದಂತೆ. ಕಾಲೇಜಿನ ಪ್ರವೇಶವಾಗಲಿ, ಸರಕಾರಿ ನೌಕರಿಯ ಮೀಸಲಾತಿಯಾಗಲಿ, ಪತ್ರವಿದ್ದವನ ಅರ್ಜಿಯನ್ನು ಪರಿಗಣಿಸದೆ ಬದಿಗಿಡಲು ಬರುವುದಿಲ್ಲ.

ಗಣಕಯಂತ್ರದ ತರಬೇತಿ ಕೇಂದ್ರವು ಕೊಡುವ ಕಾಗದಕ್ಕೂ ಪ್ರಮಾಣಪತ್ರವೆಂದೇ ಹೆಸರು. ಅದರ ಮೇಲೂ ಮುದ್ರೆಯಿರುತ್ತದೆ, ಸಹಿಯಿರುತ್ತದೆ. ಆದರೆ ಅದು ಯಾವ ಹಕ್ಕನ್ನೂ ಕೊಡುವುದಿಲ್ಲ. ಬೆಂಗಳೂರಿನ ಅಥವಾ ಹೈದರಾಬಾದಿನ ಖಾಸಗಿ ತಂತ್ರಾಂಶ ಸಂಸ್ಥೆಗೆ 371(ಜೆ) ಅನ್ವಯಿಸುವುದಿಲ್ಲ. ತರಬೇತಿಯ ಕಾಗದವೂ ಅದನ್ನು ಕಟ್ಟಿಹಾಕಲಾರದು. ಅದು ಕೇವಲ ಒಂದು ಸಾಕ್ಷಿ. ಸಾಕ್ಷಿಯ ಮಾತಿಗೆ ಎಷ್ಟು ಬೆಲೆ ಎಂಬುದು ಸಾಕ್ಷಿ ಹೇಳುವವನು ಯಾರೆಂಬುದನ್ನು ಅವಲಂಬಿಸಿರುತ್ತದೆ. ಈ ಎರಡು ಬಗೆಯ ಪತ್ರಗಳನ್ನು ಒಂದೇ ಎಂದು ತಿಳಿದು ಸಾಲ ಮಾಡಿ ಶುಲ್ಕ ಕಟ್ಟುವ ಕುಟುಂಬಗಳಿಗೆ ಆಗುವ ನಷ್ಟವು ಹಣದ್ದು ಮಾತ್ರವಲ್ಲ. ತರುಣನ ಒಂದೆರಡು ವರ್ಷಗಳೂ ಅದರೊಡನೆ ಹೋಗುತ್ತವೆ.

ಗಣಕಯಂತ್ರಕ್ಕೆ ಕೆಲಸವನ್ನು ಹಂತಹಂತವಾಗಿ ಹೇಳಿಕೊಡುವ ಬರವಣಿಗೆಗೆ ಕ್ರಮವಿಧಿ, ಅಂದರೆ ಪ್ರೋಗ್ರಾಮ್, ಎಂದು ಹೆಸರು. ಭಾರತದಲ್ಲಿ ಈ ವಿದ್ಯೆಯ ಕಲಿಕೆಗೆ ದೊಡ್ಡ ಚಾಲನೆ ದೊರೆತದ್ದು 1963ರಲ್ಲಿ ಕಾನಪುರದ ಐ.ಐ.ಟಿ.ಗೆ ಐ.ಬಿ.ಎಂ. 1620 ಯಂತ್ರವು ಬಂದಾಗ. ಅಲ್ಲಿ ಪಾಠ ಹೇಳಿ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಪ್ರೊ. ವಿ. ರಾಜಾರಾಮನ್ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಿಂದ ಎಂ.ಸಿ.ಎ. ಎಂಬ ಪದವಿಯು ಹುಟ್ಟಿತು. ಇಂಜಿನಿಯರಿಂಗ್ ಓದದವರೂ ಈ ವೃತ್ತಿಗೆ ಬರಬಹುದೆಂದು ವಿಶ್ವವಿದ್ಯಾಲಯಗಳು ಒಪ್ಪಿದ್ದು ಹೀಗೆ. ವಿಶ್ವವಿದ್ಯಾಲಯಗಳಿಗೆ ನಿಲುಕದ ಬೇಡಿಕೆಯನ್ನು ಖಾಸಗಿ ಕೇಂದ್ರಗಳು ತುಂಬಿದವು. ಎನ್.ಐ.ಐ.ಟಿ. 1981ರಲ್ಲಿ, ಆಪ್ಟೆಕ್ 1986ರಲ್ಲಿ ಆರಂಭವಾದವು. ಕರ್ನಾಟಕ ಸರಕಾರವು 1976ರಲ್ಲಿ ಸ್ಥಾಪಿಸಿದ ಕಿಯೋನಿಕ್ಸ್ ಕೂಡ ತರಬೇತಿ ಕೇಂದ್ರಗಳನ್ನು ತೆರೆಯಿತು.

2000ನೆಯ ಇಸವಿ ಸಮೀಪಿಸಿದಂತೆ, ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟಿದ್ದ ಹಳೆಯ ಕ್ರಮವಿಧಿಗಳನ್ನು ತಿದ್ದಲು ಜಗತ್ತಿಗೆ ಜನ ಬೇಕಾದರು. ಕೋಬಾಲ್ ಭಾಷೆಯನ್ನು ಕಲಿತವರಿಗೆ ಕರೆದು ಕೆಲಸ ಕೊಟ್ಟ ಕಾಲವದು. ಮರುವರ್ಷವೇ ಅಮೆರಿಕದ ಮಾರುಕಟ್ಟೆ ಕುಸಿಯಿತು. ಅದೇ ಪಾಠ, ಅದೇ ಮುದ್ರೆ, ಅದೇ ಕಾಗದ, ಆದರೆ ಕೊಳ್ಳುವವರಿಲ್ಲ. ಪ್ರಮಾಣಪತ್ರದ ಬೆಲೆಯು ಅದರೊಳಗೇ ಇದೆಯೆಂದು ನಂಬಿದವರಿಗೆ ಇದು ಅರ್ಥವಾಗದ ಸಂಗತಿಯಾಯಿತು.

ಹಾಗಾದರೆ ಯಾವ ಕಾಗದವನ್ನು ನಂಬಬೇಕು? ಶಿಕ್ಷಕರಿಗೆ ಇದರ ಉತ್ತರವು ಹೊಸದೇನಲ್ಲ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ ನಾಡಿನಲ್ಲಿ ಬೆಲೆಯಿರುವುದು ಪಾಠ ಹೇಳಿದ ಶಾಲೆಯೇ ಅಂತಿಮ ಪರೀಕ್ಷೆಯನ್ನು ನಡೆಸುವುದಿಲ್ಲ ಎಂಬ ಕಾರಣದಿಂದ. ಗಣಕ ತರಬೇತಿಯಲ್ಲಿಯೂ ಕೇಳಬೇಕಾದ ಮೊದಲ ಪ್ರಶ್ನೆ ‘ಪರೀಕ್ಷಿಸಿದವರು ಯಾರು?’ ಎಂಬುದೇ. ಮೂರು ತಿಂಗಳು ಬಂದು ಕುಳಿತದ್ದಕ್ಕೆ ಕೇಂದ್ರದ ಮಾಲೀಕರೇ ಕೊಡುವ ಕಾಗದವು ಹಾಜರಿಯ ಸಾಕ್ಷಿ ಮಾತ್ರ. 1990ರಲ್ಲಿ ಕೇಂದ್ರ ಸರಕಾರದ ಇಲೆಕ್ಟ್ರಾನಿಕ್ಸ್ ಇಲಾಖೆಯು ಡೋಯೆಕ್ ಯೋಜನೆಯನ್ನು ತಂದು ಓ, ಎ, ಬಿ, ಸಿ ಎಂಬ ನಾಲ್ಕು ಶ್ರೇಣಿಗಳನ್ನು ಏರ್ಪಡಿಸಿದಾಗ ಈ ತತ್ತ್ವವನ್ನೇ ಅನುಸರಿಸಿತು. ಪಾಠವು ಊರೂರಿನ ಮಾನ್ಯತೆ ಪಡೆದ ಕೇಂದ್ರಗಳಲ್ಲಿ, ಪರೀಕ್ಷೆಯು ರಾಷ್ಟ್ರಮಟ್ಟದಲ್ಲಿ. 2011ರಿಂದ ನೀಲಿಟ್ ಎಂಬ ಹೆಸರಿನಲ್ಲಿ ಆ ಸಂಸ್ಥೆಯು ಮುಂದುವರಿದಿದೆ.

ಐ.ಐ.ಟಿ.ಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್.ಪಿ.ಟಿ.ಇ.ಎಲ್. ಪಾಠಗಳಿಗೆ ಶುಲ್ಕವಿಲ್ಲ; ಪರೀಕ್ಷೆಗೆ ಮಾತ್ರ ಶುಲ್ಕ. ಅಲ್ಲಿ ಸಾಮಾನ್ಯವಾಗಿ ವಾರದ ಅಭ್ಯಾಸಗಳಿಗೆ 25 ಅಂಕ, ಮೇಲ್ವಿಚಾರಕರ ಎದುರಿನ ಪರೀಕ್ಷೆಗೆ 75 ಅಂಕ. ರೆಡ್ ಹ್ಯಾಟ್ ಸಂಸ್ಥೆಯ ಲಿನಕ್ಸ್ ಪರೀಕ್ಷೆ ಇನ್ನೂ ಬಿಗಿಯಾದದ್ದು. ಸರಿಯುತ್ತರಕ್ಕೆ ಗುರುತು ಹಾಕಿ ಪಾರಾಗುವಂತಿಲ್ಲ. ಯಂತ್ರದ ಮುಂದೆ ಕುಳಿತು ಕೆಲಸವನ್ನು ಮಾಡಿ ತೋರಿಸಬೇಕು. ಆ ಪತ್ರದ ಆಯುಷ್ಯವೂ ಮೂರೇ ವರ್ಷ.

ಶಹಾಬಾದ ಭಾಗದ ತರುಣನಿಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ. ವಾಡಿ ಜಂಕ್ಷನ್ನಿನಲ್ಲಿ ಸಿಕಂದರಾಬಾದಿನ ಮಾರ್ಗ ಕವಲೊಡೆಯುತ್ತದೆ. ಹೈದರಾಬಾದಿನ ಅಮೀರಪೇಟೆಯು ತಂತ್ರಾಂಶ ತರಬೇತಿಯ ದೊಡ್ಡ ಪೇಟೆಯೆಂದು ದೇಶಕ್ಕೆಲ್ಲ ಪ್ರಸಿದ್ಧ. ಜಾವಾ, ಒರೇಕಲ್, ತಂತ್ರಾಂಶ ಪರೀಕ್ಷಣೆ ಮುಂತಾದ ಫಲಕಗಳು ಅಲ್ಲಿ ಒಂದರ ಮೇಲೊಂದು ತೂಗುತ್ತಿರುತ್ತವೆ. ಅಲ್ಲಿನ ಒಳ್ಳೆಯ ಬೋಧಕರ ಬಳಿ ವಿದ್ಯೆಯುಂಟು, ಶುಲ್ಕವೂ ದೊಡ್ಡ ಸಂಸ್ಥೆಗಳಿಗಿಂತ ಕಡಿಮೆ. ಆದ್ದರಿಂದ ಆ ಪೇಟೆಯನ್ನು ಹಳಿಯುವುದು ಸರಿಯಲ್ಲ. ನಿಜಾಮ ಸೀಮೆಯ ಈ ಅಂಚಿನಲ್ಲಿ ಬೆಳೆದವರಿಗೆ ತೆಲುಗು, ಹಿಂದಿ, ಉರ್ದು ಕಿವಿಗೆ ಹೊಸತಲ್ಲವಾದ್ದರಿಂದ ಪಾಠವು ತಲೆಗೆ ಹತ್ತುವುದಕ್ಕೂ ತಡವಾಗದು. ಆದರೆ ಇಂಥ ಪೇಟೆಗಳಲ್ಲಿ ವಿದ್ಯೆಯ ಮಗ್ಗುಲಲ್ಲೇ ಸುಳ್ಳು ಅನುಭವಪತ್ರಗಳನ್ನು ಮಾರುವವರೂ ಇರುತ್ತಾರೆ. ಎರಡು ವರ್ಷ ಕೆಲಸ ಮಾಡಿದ್ದಾನೆಂದು ಬರೆದುಕೊಡುವ ಈ ಕಾಗದವು ಅತ್ಯಂತ ದುಬಾರಿಯಾದದ್ದು. ಸಂಸ್ಥೆಗಳು ನೌಕರನ ಪೂರ್ವಾಪರಗಳನ್ನು ಪರಿಶೀಲಿಸುತ್ತವೆ. ನಾಸ್ಕಾಂ ಸಂಘಟನೆಯು ಇದಕ್ಕಾಗಿಯೇ 2006ರಲ್ಲಿ ಒಂದು ರಾಷ್ಟ್ರೀಯ ದಾಖಲೆಯನ್ನು ಆರಂಭಿಸಿತು. ಸೇರಿದ ಮೇಲೆ ಸುಳ್ಳು ಬಯಲಾದರೆ ಆ ನೌಕರಿಯೊಡನೆ ಮುಂದಿನ ನೌಕರಿಯ ಬಾಗಿಲೂ ಮುಚ್ಚುತ್ತದೆ.

ಸಂದರ್ಶನದಲ್ಲಿ ಏನನ್ನು ನೋಡುತ್ತಾರೆಂಬುದನ್ನು ಈ ನೆಲದ ಒಂದು ಉದಾಹರಣೆಯಿಂದಲೇ ತಿಳಿಯಬಹುದು. ಶಹಾಬಾದದ ಫರಸಿ ಕಲ್ಲು ಚದರ ಅಡಿಯ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಒಂದು ಕಲ್ಲು 22 ಅಂಗುಲ ಉದ್ದ, 22 ಅಂಗುಲ ಅಗಲವಿದೆಯೆನ್ನೋಣ. ಅದರ ಕ್ಷೇತ್ರಫಲ 484 ಚದರ ಅಂಗುಲ. ಒಂದು ಚದರ ಅಡಿಗೆ 144 ಚದರ ಅಂಗುಲವಾದ್ದರಿಂದ ಭಾಗಿಸಿದರೆ 3.36ಕ್ಕಿಂತ ತುಸು ಹೆಚ್ಚು ಬರುತ್ತದೆ. ಇಂಥ 100 ಕಲ್ಲುಗಳಿಗೆ 336.11 ಚದರ ಅಡಿ. ಏಳನೆಯ ತರಗತಿಯ ಲೆಕ್ಕವಿದು.

ಇದನ್ನೇ ಒಬ್ಬ ವಿದ್ಯಾರ್ಥಿಯು ಜಾವಾ ಅಥವಾ ಸಿ ಭಾಷೆಯಲ್ಲಿ ಬರೆದು, ಅಳತೆಗಳನ್ನು ಪೂರ್ಣಾಂಕಗಳೆಂದು ಘೋಷಿಸಿ, ಮೊದಲು ಒಂದು ಕಲ್ಲಿನ ಚದರ ಅಡಿಯನ್ನು ಕಂಡುಹಿಡಿದು ಆಮೇಲೆ 100ರಿಂದ ಗುಣಿಸಿದನೆನ್ನೋಣ. ಆ ಭಾಷೆಗಳಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಬರುವ ಉತ್ತರವೂ ಪೂರ್ಣಾಂಕವೇ. 484ನ್ನು 144ರಿಂದ ಭಾಗಿಸಿದಾಗ ಯಂತ್ರವು 3 ಎನ್ನುತ್ತದೆ, ಉಳಿದದ್ದನ್ನು ಚೆಲ್ಲುತ್ತದೆ. ಒಟ್ಟು 300. ಅಂಗಡಿಯವನಿಗೆ 36 ಚದರ ಅಡಿಯ ನಷ್ಟ! ಪೈಥಾನ್ 3ರಲ್ಲಿ ಸಾಮಾನ್ಯ ಭಾಗಾಕಾರದ ಚಿಹ್ನೆಯು ದಶಮಾಂಶವನ್ನು ಉಳಿಸಿಕೊಳ್ಳುತ್ತದೆ. ಆದರೆ ಅಲ್ಲಿಯೂ ಒಂದೊಂದು ಕಲ್ಲಿನ ಅಳತೆಯನ್ನು ಮೊದಲೇ 3.4 ಎಂದು ಸರಿಹೊಂದಿಸಿ ಆಮೇಲೆ ಗುಣಿಸಿದರೆ ಒಟ್ಟು 340 ಆಗುತ್ತದೆ. ಈಗ ಸುಮಾರು 4 ಚದರ ಅಡಿಯ ಹೊರೆ ಕೊಳ್ಳುವವನ ಮೇಲೆ. ಎರಡು ಸಂದರ್ಭಗಳಲ್ಲಿಯೂ ಯಂತ್ರವು ತಪ್ಪೆಂದು ಹೇಳುವುದಿಲ್ಲ. ಅಂದವಾಗಿ ರಸೀದಿಯನ್ನು ಮುದ್ರಿಸಿಕೊಡುತ್ತದೆ. ಎಲ್ಲಿ ಭಾಗಿಸಬೇಕು, ಎಲ್ಲಿ ಸರಿಹೊಂದಿಸಬೇಕು, ಅಳತೆಯ ಜಾಗದಲ್ಲಿ ಯಾರಾದರೂ ಸೊನ್ನೆ ಬರೆದರೆ ಏನು ಮಾಡಬೇಕು, ಲಾರಿಯಲ್ಲಿ ಒಡೆದ ಕಲ್ಲುಗಳನ್ನು ಯಾವ ಹಂತದಲ್ಲಿ ಕಳೆಯಬೇಕು ಎಂಬುದನ್ನು ಮನುಷ್ಯನೇ ಯೋಚಿಸಬೇಕು. ಈ ಯೋಚನೆಯೇ ಕ್ರಮವಿಧಿ ರಚನೆ. ಭಾಷೆಯ ವ್ಯಾಕರಣವು ಅದರ ಚಿಕ್ಕ ಭಾಗ.

2022ರ ಕೊನೆಯ ನಂತರ ಕೃತಕ ಬುದ್ಧಿಮತ್ತೆಯ ಸಾಧನಗಳು ಇಂಥ ಕ್ರಮವಿಧಿಯನ್ನು ಕ್ಷಣದಲ್ಲಿ ಬರೆದುಕೊಡುತ್ತಿವೆ. ಆದ್ದರಿಂದ ಭಾಷೆಯ ವ್ಯಾಕರಣವನ್ನಷ್ಟೇ ಬಾಯಿಪಾಠ ಮಾಡಿ ಪಡೆದ ಪತ್ರಕ್ಕೆ ಬೆಲೆ ಇಳಿದಿದೆ. 300 ಎಂಬ ಉತ್ತರವನ್ನು ಕಂಡು ‘ಇದು ಸಾಧ್ಯವಿಲ್ಲ’ ಎಂದು ನಿಲ್ಲಿಸುವ ಬುದ್ಧಿಗೆ ಇಳಿದಿಲ್ಲ. ಕಲ್ಲಿನ ಅಂಗಡಿಯಲ್ಲಿ ತಂದೆಯ ಪಕ್ಕದಲ್ಲಿ ಕುಳಿತು ಲೆಕ್ಕ ಬರೆದ ಹುಡುಗನಿಗೆ ಈ ವಿಷಯದಲ್ಲಿ ನಗರದ ಹುಡುಗನಿಗಿಂತ ಒಂದು ಹೆಜ್ಜೆ ಮುಂದಿರುವ ಅವಕಾಶವಿದೆ. ಅವನು ಅಂಥ ಒಂದು ಚಿಕ್ಕ ಕ್ರಮವಿಧಿಯನ್ನು ಬರೆದು, ನಿಜವಾದ ಅಂಗಡಿಯಲ್ಲಿ ಆರು ತಿಂಗಳು ನಡೆಸಿ, ತಿದ್ದಿದ್ದನ್ನೆಲ್ಲ ದಿನಾಂಕದೊಡನೆ ಗಿಟ್‌ಹಬ್‌ನಂತಹ ತಾಣದಲ್ಲಿ ಇಟ್ಟರೆ, ಸಂದರ್ಶಕರ ಮುಂದೆ ಅದು ಎಷ್ಟೋ ಕಾಗದಗಳಿಗಿಂತ ಗಟ್ಟಿಯಾದ ಸಾಕ್ಷಿಯಾಗುತ್ತದೆ.

ಒಳಗೆ ಹೋಗುವ ದಾರಿಗಳು ಹಲವು. ಎಸ್.ಎಸ್.ಎಲ್.ಸಿ. ನಂತರ ಐ.ಟಿ.ಐ.ಯ ‘ಕೋಪಾ’ ತರಬೇತಿ ಒಂದು ವರ್ಷದ್ದು. ಅದು ಮುಖ್ಯವಾಗಿ ಯಂತ್ರ ನಡೆಸುವವರನ್ನು ತಯಾರಿಸುತ್ತದೆಯೆಂಬುದನ್ನು ಮೊದಲೇ ಅರಿತಿರಬೇಕು. ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಬಹುದು. ಕಲಬುರಗಿಯಲ್ಲಿ 1958ರಿಂದ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜು ಇದೆ. ಬಿ.ಸಿ.ಎ., ಬಿ.ಎಸ್ಸಿ. ಪದವೀಧರರನ್ನು ಕೆಲಸಕ್ಕೆ ತೆಗೆದುಕೊಂಡು ಎಂ.ಟೆಕ್. ಓದಿಸುವ ಯೋಜನೆಯನ್ನು ವಿಪ್ರೊ ನಡೆಸುತ್ತ ಬಂದಿದೆ. ಮದ್ರಾಸಿನ ಐ.ಐ.ಟಿ. 2020ರಲ್ಲಿ ಆರಂಭಿಸಿದ ದತ್ತಾಂಶ ವಿಜ್ಞಾನದ ಪದವಿಗೆ ಜೆ.ಇ.ಇ. ಬೇಕಿಲ್ಲ, ಮೊದಲ ನಾಲ್ಕು ವಾರಗಳ ಪಾಠದ ಮೇಲೆ ಅರ್ಹತಾ ಪರೀಕ್ಷೆ, ನಡುವೆ ನಿಲ್ಲಿಸಬೇಕಾದರೆ ಕ್ರಮವಿಧಿ ರಚನೆಯ ಡಿಪ್ಲೊಮಾದೊಡನೆ ಹೊರಬರುವ ಅನುಕೂಲವೂ ಇದೆ. ಮನೆಯಲ್ಲೇ ಇದ್ದು ದುಡಿಯುತ್ತ ಓದಬೇಕಾದವರಿಗೆ, ಮುಖ್ಯವಾಗಿ ಹೆಣ್ಣುಮಕ್ಕಳನ್ನು ದೂರದ ಊರಿಗೆ ಕಳಿಸಲು ಹಿಂಜರಿಯುವ ಮನೆಗಳಿಗೆ, ಇದು ಗಮನಿಸತಕ್ಕ ಮಾರ್ಗ.

ಇಂಗ್ಲಿಷಿನ ಭಯವು ಕನ್ನಡ ಶಾಲೆಯ ಮಕ್ಕಳನ್ನು ಗಣಿತಕ್ಕಿಂತ ಹೆಚ್ಚಾಗಿ ಹಿಂದಕ್ಕೆಳೆಯುತ್ತದೆ. ಮುಂಬಯಿಯ ಐ.ಐ.ಟಿ.ಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಅನೇಕ ಪಾಠಗಳು ಕನ್ನಡ ಧ್ವನಿಯಲ್ಲಿಯೂ ದೊರೆಯುತ್ತವೆ. ತತ್ತ್ವವನ್ನು ಕನ್ನಡದಲ್ಲಿ ಗ್ರಹಿಸಿ, ಯಂತ್ರವು ತೋರಿಸುವ ದೋಷದ ಸಂದೇಶಗಳನ್ನು ದಿನಕ್ಕೆ ಐದರಂತೆ ಇಂಗ್ಲಿಷಿನಲ್ಲಿ ಓದಿ ಅರ್ಥ ಬರೆಸುವ ಅಭ್ಯಾಸವನ್ನು ಎಂಟನೆಯ ತರಗತಿಯಿಂದಲೇ ಮಾಡಿಸಬಹುದು. ಅದಕ್ಕೆ ಇಂಗ್ಲಿಷ್ ಮತ್ತು ಗಣಿತದ ಶಿಕ್ಷಕರಿಬ್ಬರೂ ಒಟ್ಟಿಗೆ ಕುಳಿತರೆ ಸಾಕು.

ದಾನಿಗಳು ಶಾಲೆಗಳಿಗೆ ಗಣಕಯಂತ್ರಗಳನ್ನು ಕೊಡುವುದುಂಟು. ಸಿಮೆಂಟಿನ ಮತ್ತು ಕಲ್ಲಿನ ಧೂಳಿನ ಈ ಸೀಮೆಯಲ್ಲಿ ಬಳಸದೆ ಮುಚ್ಚಿಟ್ಟ ಯಂತ್ರವು ಬಹುಕಾಲ ಬಾಳುವುದಿಲ್ಲ. ಹತ್ತು ಯಂತ್ರಗಳಿಗೆ ತಗಲುವ ಹಣದಲ್ಲಿ ಆರನ್ನು ಕೊಂಡು, ಉಳಿದುದನ್ನು ವಿದ್ಯುತ್ತು ಹೋದಾಗ ನಡೆಸುವ ಬ್ಯಾಟರಿಗೆ, ಅಂತರಜಾಲದ ಬಾಡಿಗೆಗೆ, ಸಂಜೆ ಎರಡು ತಾಸು ಕೊಠಡಿ ತೆರೆದಿಡುವವರ ಸಂಭಾವನೆಗೆ ಮತ್ತು ಬಡ ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕಕ್ಕೆ ಇಡುವುದು ಹೆಚ್ಚು ಪ್ರಯೋಜನಕಾರಿ. ಶುಲ್ಕವನ್ನು ಮೊದಲೇ ಹಂಚದೆ, ಶಾಲೆಯಲ್ಲಿ ನಡೆಸುವ ಪೂರ್ವಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಕೊಡಬೇಕು. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಈ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ಆ ಪೂರ್ವಪರೀಕ್ಷೆಯ ಪ್ರಶ್ನೆಗಳನ್ನು ಬರೆದುಕೊಟ್ಟು, ವಿದ್ಯಾರ್ಥಿಗಳ ಕ್ರಮವಿಧಿಗಳನ್ನು ದೂರದಿಂದಲೇ ಓದಿ ತಿದ್ದಬಹುದು. ರಜೆಯಲ್ಲಿ ಊರಿಗೆ ಬಂದಾಗ ಒಂದೊಂದು ದಿನ ಮಾದರಿ ಸಂದರ್ಶನವನ್ನೂ ನಡೆಸಬಹುದು. ಮೊದಲ ಪ್ರಶ್ನೆಯಾಗಿ 22 ಅಂಗುಲದ ನೂರು ಕಲ್ಲುಗಳ ಲೆಕ್ಕವನ್ನೇ ಕೇಳಲಿ.