ಹೊರಸಿನ ಬದಿಯ ಹೀಟರು ಮತ್ತು ಗ್ರಾಹಕನ ಹಕ್ಕು

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಸೀಮೆ ಶೈತ್ಯಕ್ಕೆ ಹೆಸರಾದುದಲ್ಲ. ಆದರೂ ಮಾರ್ಗಶಿರ, ಪುಷ್ಯ ಮಾಸಗಳ ಬೆಳಗಿನ ಜಾವದಲ್ಲಿ ವೃದ್ಧರ ಕೀಲುಗಳನ್ನು ಹಿಡಿದು ಎಳೆಗೂಸಿನ ಮೈಯನ್ನು ನಡುಗಿಸುವಷ್ಟು ಥಂಡಿ ಇಲ್ಲಿಯೂ ಬೀಳುತ್ತದೆ. ಬಾಣಂತಿಯ ಕೋಣೆಯ ಕಿಟಕಿ ಮುಚ್ಚಿ, ಹೊರಸಿನ ಕೆಳಗೆ ಇದ್ದಿಲಿನ ಅಗ್ಗಿಷ್ಟಿಕೆಯನ್ನಿಟ್ಟು ಕಾಯಿಸುವ ಪದ್ಧತಿ ನಮ್ಮ ಕಡೆಯ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಗಾಳಿಯಾಡದ ಕೋಣೆಯಲ್ಲಿ ಉರಿಯುವ ಇದ್ದಿಲು ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವನ್ನು ಹೊರಸೂಸುತ್ತದೆಯಾದ್ದರಿಂದ, ಅದರ ಸ್ಥಾನಕ್ಕೆ ಸಣ್ಣ ವಿದ್ಯುತ್ ಹೀಟರು ಬರುತ್ತಿರುವುದು ಸ್ವಾಗತಾರ್ಹವೇ ಸರಿ. ಆದರೆ ಅಗ್ಗಿಷ್ಟಿಕೆಯ ಹೊಣೆ ಮನೆಯವರದಷ್ಟೇ ಆಗಿತ್ತು. ಹೀಟರಿನ ಹೊಣೆಯಲ್ಲಿ ತಯಾರಕನಿಗೂ ಮಾರಾಟಗಾರನಿಗೂ ಪಾಲುಂಟು. ಆ ಪಾಲನ್ನು ಅವರಿಂದ ವಸೂಲು ಮಾಡುವ ಶಕ್ತಿ ನಮಗೆ ಲಭಿಸುವುದು ಬಹುಮಟ್ಟಿಗೆ ಅಂಗಡಿಯ ಕಟ್ಟೆಯ ಮೇಲೆ, ಕೊಳ್ಳುವ ಆ ಹತ್ತು ನಿಮಿಷಗಳಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಗ್ರಾಹಕನೆಂದರೆ ಯಾರೆಂಬುದನ್ನು ನೋಡಬೇಕು. 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ಹಣ ತೆತ್ತವನು ಮಾತ್ರವಲ್ಲದೆ, ಅವನ ಅನುಮತಿಯಿಂದ ಆ ವಸ್ತುವನ್ನು ಬಳಸುವವನೂ ಗ್ರಾಹಕನೇ. ಮಗ ರಾಣೇಬೆನ್ನೂರಿನ ಪೇಟೆಯಲ್ಲಿ ಕೊಂಡುತಂದ ಹೀಟರಿನಿಂದ ತಾಯಿಯ ಕೈ ಸುಟ್ಟರೆ, ಬಿಲ್ಲು ಮಗನ ಹೆಸರಿನಲ್ಲಿದೆಯೆಂಬ ಕಾರಣದಿಂದ ಆ ತಾಯಿಯ ದೂರನ್ನು ಯಾರೂ ತಳ್ಳಿಹಾಕುವಂತಿಲ್ಲ. ವಾಣಿಜ್ಯೋದ್ದೇಶಕ್ಕಾಗಿ ಕೊಂಡವರನ್ನು ಅಧಿನಿಯಮ ಹೊರಗಿಟ್ಟಿರುವುದು ನಿಜ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸುವವರು ಅದಕ್ಕೆಂದೇ ಕೊಂಡ ವಸ್ತುವಿನ ಬಗ್ಗೆ ಈ ನಿಷೇಧ ಅನ್ವಯಿಸುವುದಿಲ್ಲ. ಇದಕ್ಕೆ ಮೊದಲಿದ್ದ ಹಳೆಯ ಗ್ರಾಹಕ ಸಂರಕ್ಷಣಾ ಅಧಿನಿಯಮದ ಕಾಲದಲ್ಲಿಯೇ, 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯ ಈ ಭೇದವನ್ನು ವಿಶದಪಡಿಸಿತ್ತು. ಆದುದರಿಂದ ಮನೆಯ ಪಡಸಾಲೆಯಲ್ಲಿ ಹೊಲಿಗೆ ಯಂತ್ರವಿಟ್ಟುಕೊಂಡು ಬದುಕು ಸಾಗಿಸುವ ಹೆಣ್ಣುಮಗಳು ಕಾಲಬುಡದಲ್ಲಿ ಹೀಟರಿಟ್ಟುಕೊಂಡರೆ, ಅವಳು ಗ್ರಾಹಕಳಾಗಿಯೇ ಉಳಿಯುತ್ತಾಳೆ.

ಇನ್ನು ಆಯ್ಕೆ. ರಾಡು ಕೆಂಪಗೆ ಕಾಯುವ ಬಗೆ, ಫ್ಯಾನಿನಿಂದ ಬಿಸಿಗಾಳಿ ದೂಡುವ ಬ್ಲೋವರ್, ಎಣ್ಣೆ ತುಂಬಿದ ರೇಡಿಯೇಟರು, ಇವು ಪೇಟೆಯಲ್ಲಿ ಸಾಮಾನ್ಯವಾಗಿ ದೊರೆಯುವ ಜಾತಿಗಳು. ರಾಡಿನದು ಎದುರಿಗೆ ಕುಳಿತವರನ್ನು ಬೇಗನೆ ಕಾಯಿಸುತ್ತದೆ, ಆದರೆ ಹಾಸಿಗೆ, ಪರದೆಗಳು ತಗುಲಿದರೆ ಹೊತ್ತಿಕೊಳ್ಳುವ ಭಯವುಂಟು. ಎಣ್ಣೆಯದು ನಿಧಾನ, ಭಾರ, ಬೆಲೆಯೂ ಹೆಚ್ಚು, ಆದರೂ ಮಗುವಿರುವ ಕೋಣೆಗೆ ನಾನು ಸೂಚಿಸುವುದು ಅದನ್ನೇ. ಯಾವುದನ್ನು ಕೊಂಡರೂ ಮಿತಿಮೀರಿ ಕಾದಾಗ ತಾನಾಗಿ ಆರುವ ಥರ್ಮಲ್ ಕಟ್‌ಔಟ್, ಉರುಳಿಬಿದ್ದಾಗ ನಿಲ್ಲುವ ಸ್ವಿಚ್ಚು ಮತ್ತು ಮೂರು ಪಿನ್ನಿನ ಪ್ಲಗ್ಗು, ಈ ಮೂರನ್ನು ಅಂಗಡಿಯವನಿಂದ ತೋರಿಸಿಕೊಳ್ಳಬೇಕು. 2000 ವ್ಯಾಟಿನ ಹೀಟರು ಸುಮಾರು 9 ಆಂಪಿಯರ್ ಪ್ರವಾಹವನ್ನೆಳೆಯುವುದರಿಂದ ಅದಕ್ಕೆ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. ಟೀವಿಗೆ ಹಾಕಿದ ಎಕ್ಸ್‌ಟೆನ್ಷನ್ ಬೋರ್ಡಿಗೆ ಅದನ್ನು ಸಿಕ್ಕಿಸುವುದು ಅನಾಹುತವನ್ನು ಆಹ್ವಾನಿಸಿದಂತೆ.

ಹೀಟರಿನ ಮೇಲೆ ಐಎಸ್‌ಐ ಮುದ್ರೆಯಿರುವುದು ಕೇವಲ ತಯಾರಕನ ಘನತೆಯ ವಿಷಯವಲ್ಲ. ಕೇಂದ್ರ ಸರ್ಕಾರವು 2003ರಲ್ಲಿ ಹೊರಡಿಸಿದ ಗುಣಮಟ್ಟ ನಿಯಂತ್ರಣ ಆದೇಶದನ್ವಯ ವಿದ್ಯುತ್ ಇಸ್ತ್ರಿ, ನೀರು ಕಾಯಿಸುವ ಇಮ್ಮರ್ಷನ್ ರಾಡು ಮುಂತಾದವುಗಳೊಡನೆ ಕೋಣೆ ಕಾಯಿಸುವ ವಿದ್ಯುತ್ ರೇಡಿಯೇಟರಿಗೂ ಭಾರತೀಯ ಮಾನಕ ಬ್ಯೂರೋದ ಈ ಮುದ್ರೆ ಕಡ್ಡಾಯವಾಯಿತು. ಮುದ್ರೆಯ ನೆತ್ತಿಯಲ್ಲಿ ಮಾನಕದ ಸಂಖ್ಯೆ ಇರಬೇಕು. ಅಡಿಯಲ್ಲಿ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಬೇಕು. ಮುದ್ರೆಯ ಚಿತ್ರವೊಂದೇ ಇದ್ದು ಈ ಸಂಖ್ಯೆಗಳಿಲ್ಲದಿದ್ದರೆ ಅದನ್ನು ನಂಬಲಾಗದು. ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಪರವಾನಗಿ ಸಂಖ್ಯೆಯನ್ನು ನಮೂದಿಸಿದರೆ ಅದು ಯಾವ ತಯಾರಕನಿಗೆ, ಯಾವ ವಸ್ತುವಿಗೆ ಕೊಟ್ಟದ್ದು, ಈಗಲೂ ಜೀವಂತವಾಗಿದೆಯೇ ಎಂಬುದು ಅಂಗಡಿಯಲ್ಲಿ ನಿಂತಿರುವಾಗಲೇ ತಿಳಿಯುತ್ತದೆ. ದೂರನ್ನೂ ಅಲ್ಲಿಯೇ ಸಲ್ಲಿಸಬಹುದು. ಕಡ್ಡಾಯ ಮುದ್ರೆಯಿಲ್ಲದ ವಸ್ತುವನ್ನು ತಯಾರಿಸುವುದಷ್ಟೇ ಅಲ್ಲ, ಮಾರುವುದೂ ಸಂಗ್ರಹಿಸಿಡುವುದೂ ಭಾರತೀಯ ಮಾನಕ ಬ್ಯೂರೋ ಅಧಿನಿಯಮ, 2016ರ 17ನೆಯ ಪ್ರಕರಣದಿಂದ ನಿಷಿದ್ಧವಾಗಿದ್ದು, 29ನೆಯ ಪ್ರಕರಣವು ಅದಕ್ಕೆ ಸೆರೆವಾಸವನ್ನೂ ಭಾರಿ ದಂಡವನ್ನೂ ವಿಧಿಸುತ್ತದೆ.

ಬಿಲ್ಲಿನ ವಿಷಯದಲ್ಲಿ ನಮ್ಮವರು ತೋರುವ ಔದಾಸೀನ್ಯ ನನಗೆ ನಿಜವಾಗಿಯೂ ವ್ಯಥೆಯನ್ನುಂಟುಮಾಡುತ್ತದೆ. ‘ಪಕ್ಕಾ ಬಿಲ್ಲು ಬೇಕಾದರೆ ಇಷ್ಟು, ಬೇಡವಾದರೆ ಅಷ್ಟು’ ಎಂಬ ಮಾತಿಗೆ ಮನಸೋತು, ಬಿಳಿಯ ಚೀಟಿಯ ಮೇಲೆ ಗೀಚಿಕೊಟ್ಟ ಅಂಕಿಯನ್ನೇ ಕಿಸೆಗೆ ಹಾಕಿಕೊಂಡು ಬರುವವರು ಕೆಲವು ನೂರು ರೂಪಾಯಿಗಳ ಉಳಿತಾಯಕ್ಕಾಗಿ ತಮ್ಮ ಪ್ರಬಲವಾದ ಸಾಕ್ಷ್ಯವನ್ನೇ ಬಿಟ್ಟುಕೊಡುತ್ತಾರೆ. ಬಿಲ್ಲು ಕೊಡದಿರುವುದನ್ನೇ 2019ರ ಅಧಿನಿಯಮ ಅನುಚಿತ ವ್ಯಾಪಾರ ಪದ್ಧತಿಯೆಂದು ಗಣಿಸಿದೆ. ದೋಷಯುಕ್ತ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ತೆಗೆದುಕೊಳ್ಳಲು ನಿರಾಕರಿಸುವುದೂ ಹಾಗೆಯೇ. ‘ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂಬ ಗೋಡೆಯ ಬರಹ ಈ ಹಕ್ಕನ್ನು ಅಳಿಸಲಾರದು. ಮಾದರಿಯ ಸಂಖ್ಯೆ ಬಿಲ್ಲಿನಲ್ಲಿಯೇ ಬರೆಯಿಸಿಕೊಳ್ಳಿರಿ, ಗ್ಯಾರಂಟಿ ಕಾರ್ಡಿಗೆ ಅಂಗಡಿಯ ಮೊಹರನ್ನೂ ದಿನಾಂಕವನ್ನೂ ಹಾಕಿಸಿರಿ. ಆನ್‌ಲೈನಿನಲ್ಲಿ ತರಿಸುವವರಿಗೆ 2020ರ ಇ-ವಾಣಿಜ್ಯ ನಿಯಮಗಳ ಆಶ್ರಯವುಂಟು: ವೇದಿಕೆಯು ಕುಂದುಕೊರತೆ ಅಧಿಕಾರಿಯ ಹೆಸರನ್ನು ಪ್ರಕಟಿಸಬೇಕು, ದೂರು ತಲುಪಿದುದನ್ನು 48 ಗಂಟೆಗಳೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಪರಿಹರಿಸಬೇಕು. ಗೋಡೆಯ ಸಾಕೆಟ್ಟಿಗೇ ಸಿಕ್ಕಿಸುವ, ತಯಾರಕನ ವಿಳಾಸವೇ ಇಲ್ಲದ ಅಂಗೈಯಗಲದ ಹೀಟರುಗಳು ಈ ದಾರಿಯಿಂದಲೇ ಹಳ್ಳಿಗಳವರೆಗೆ ಬರುತ್ತಿರುವುದರಿಂದ ಇದನ್ನು ಹೇಳಬೇಕಾಯಿತು.

ವಿದ್ಯುತ್ತಿನ ಲೆಕ್ಕವೂ ಕಾನೂನಿಗೆ ಹೊರತಾದುದಲ್ಲ. 1000 ವ್ಯಾಟಿನ ಹೀಟರು ದಿನಕ್ಕೆ 4 ಗಂಟೆ ಉರಿದರೆ ತಿಂಗಳಿಗೆ 120 ಯೂನಿಟ್ಟಾಗುತ್ತದೆ. 2023ರಲ್ಲಿ ಆರಂಭವಾದ, ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿಯ ಆಧಾರದ ಮೇಲೆ ಅರ್ಹ ಪ್ರಮಾಣವೊಂದು ನಿಗದಿಯಾಗಿದ್ದು, ಅದನ್ನು ಮೀರಿದ ಯೂನಿಟ್ಟುಗಳಿಗೆ ಹಣ ತೆರಬೇಕು. ಬಳಕೆ 200 ಯೂನಿಟ್ಟನ್ನು ದಾಟಿತೆಂದರೆ ಆ ತಿಂಗಳ ಪೂರ್ಣ ಬಿಲ್ಲನ್ನೇ ತೆರಬೇಕು. ಇದನ್ನರಿಯದೆ ವಿದ್ಯುತ್ ಸರಬರಾಜು ಕಂಪನಿಯಾದ ಹೆಸ್ಕಾಂನ ಕಚೇರಿಗೆ ತಕರಾರು ಒಯ್ಯುವವರಿಗೆ ನಿರಾಶೆಯೇ ಗತಿ. ಆದರೆ ವೋಲ್ಟೇಜಿನ ಏರುಪೇರಿನಿಂದ ಉಪಕರಣ ಸುಟ್ಟರೆ ತಕರಾರು ನ್ಯಾಯವಾದುದೇ: 1912ಕ್ಕೆ ಕರೆಮಾಡಿ ದೂರಿನ ಸಂಖ್ಯೆಯನ್ನು ಬರೆದುಕೊಂಡು, ಪರಿಹಾರ ದೊರೆಯದಿದ್ದರೆ ವಿದ್ಯುಚ್ಛಕ್ತಿ ಅಧಿನಿಯಮ, 2003ರ 42ನೆಯ ಪ್ರಕರಣದಂತೆ ರಚಿತವಾದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೂ, ಅಲ್ಲಿಂದ ಓಂಬುಡ್ಸ್‌ಮನ್ನರಿಗೂ ಮೊರೆಯಿಡಬಹುದು.

ಹೀಟರಿನಿಂದಲೇ ಅಪಾಯ ಸಂಭವಿಸಿದಾಗ ಮಾಡಬೇಕಾದುದೇನು? ಚಿಕಿತ್ಸೆಯ ಅನಂತರದ ಮೊದಲ ಕರ್ತವ್ಯವೆಂದರೆ ಸುಟ್ಟ ಉಪಕರಣವನ್ನು ಇದ್ದಂತೆಯೇ ಕಾದಿರಿಸುವುದು. ರಿಪೇರಿಯವನಿಂದ ಬಿಚ್ಚಿಸಬಾರದು, ಗುಜರಿಗೆ ಹಾಕಬಾರದು, ‘ತಪಾಸಣೆ ಮಾಡಿ ಕೊಡುತ್ತೇವೆ’ ಎಂದು ಕೇಳಿದವರಿಗೆ ರಸೀದಿಯಿಲ್ಲದೆ ಒಪ್ಪಿಸಬಾರದು. ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ದೋಷ ನಿರ್ಣಯವಾಗದೆಂದು ಕಂಡಾಗ ದೂರನ್ನು ವಿಚಾರಿಸುವ ಗ್ರಾಹಕ ಆಯೋಗವು ಮಾದರಿಯನ್ನು ಮುದ್ರೆಯೊತ್ತಿ ಪರೀಕ್ಷೆಗೆ ಕಳುಹಿಸುತ್ತದೆ. ಅದಕ್ಕೆ ವಸ್ತು ನಮ್ಮ ಕೈಯಲ್ಲಿರಬೇಕಷ್ಟೆ. ಛಾಯಾಚಿತ್ರ, ವೈದ್ಯರ ಚೀಟಿ, ಸುಟ್ಟ ಪ್ಲಗ್ಗು, ಎಲ್ಲವೂ ಸಾಕ್ಷ್ಯವೇ.

ಉತ್ಪನ್ನ ಹೊಣೆಗಾರಿಕೆಯೆಂಬ ಹೊಸ ಅಧ್ಯಾಯವೊಂದು 2019ರ ಅಧಿನಿಯಮದಲ್ಲಿ ಸೇರಿದೆ. ತಯಾರಿಕೆಯಲ್ಲಿ ದೋಷವಿದ್ದರೆ, ವಿನ್ಯಾಸ ಸದೋಷವಾಗಿದ್ದರೆ, ತಕ್ಕ ಎಚ್ಚರಿಕೆಯನ್ನೂ ಬಳಕೆಯ ಸೂಚನೆಯನ್ನೂ ಕೊಡದಿದ್ದರೆ, ಅದರಿಂದಾದ ದೇಹಹಾನಿ, ಆಸ್ತಿನಷ್ಟಗಳಿಗೆ ತಯಾರಕನು ಪರಿಹಾರ ತೆರಬೇಕು. ಇನ್ನೂ ಮಹತ್ತ್ವದ ಮಾತೆಂದರೆ, ತಯಾರಕನಾರೆಂದು ತಿಳಿಯದಿದ್ದಲ್ಲಿ ಆ ಹೊಣೆ ಮಾರಿದವನ ಕೊರಳಿಗೆ ಬೀಳುತ್ತದೆ. ಹೆಸರಿಲ್ಲದ ಅಗ್ಗದ ಮಾಲನ್ನು ಮಾರುವ ವ್ಯಾಪಾರಿಗಳೂ ಇದನ್ನು ಓದಿಕೊಳ್ಳುವುದು ಒಳಿತು. ಆದರೆ ಹಾನಿಯಾದ ಸಮಯದಲ್ಲಿ ವಸ್ತುವನ್ನು ದುರ್ಬಳಕೆ ಮಾಡಿದ್ದರೆ ಅಥವಾ ಮಾರ್ಪಡಿಸಿದ್ದರೆ ಮಾರಾಟಗಾರನ ಮೇಲೆ ಈ ದಾವೆ ನಿಲ್ಲದೆಂದು 87ನೆಯ ಪ್ರಕರಣ ಸ್ಪಷ್ಟಪಡಿಸಿದೆ. ಹಳೆಯ ಮನೆಗಳ ಎರಡು ತೂತಿನ ಸಾಕೆಟ್ಟಿಗೆ ಹೊಂದಿಸಲೆಂದು ಅರ್ಥಿಂಗಿನ ಪಿನ್ನನ್ನು ಮುರಿಯುವವರು, ಹೀಟರಿನ ಮೇಲೆ ಒದ್ದೆ ಬಟ್ಟೆ ಒಣಹಾಕುವವರು ಪ್ರಾಣವನ್ನಷ್ಟೇ ಅಲ್ಲ, ತಮ್ಮ ವ್ಯಾಜ್ಯವನ್ನೂ ಪಣಕ್ಕೊಡ್ಡುತ್ತಾರೆ.

ದೂರಿನ ಮಾರ್ಗ ಜನರು ಭಾವಿಸುವಷ್ಟು ದುರ್ಗಮವಲ್ಲ. ಮೊದಲು ಅಂಗಡಿಗೂ ತಯಾರಕನಿಗೂ ಲಿಖಿತ ನೋಟೀಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ಪ್ರತಿಯನ್ನಿಟ್ಟುಕೊಳ್ಳಬೇಕು. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಬಹುದು. ಅದರಿಂದ ಫಲಿಸದಿದ್ದರೆ ಹಾವೇರಿಯ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗವುಂಟು. ಹೀಟರನ್ನು ಹುಬ್ಬಳ್ಳಿಯಲ್ಲಿ ಕೊಂಡಿರಲಿ, ಬೆಂಗಳೂರಿನ ಕಂಪನಿಯಿಂದ ತರಿಸಿರಲಿ, ದೂರುದಾರನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡುವ ಅವಕಾಶವನ್ನು ಹೊಸ ಅಧಿನಿಯಮ ಕಲ್ಪಿಸಿರುವುದರಿಂದ, ಬ್ಯಾಡಗಿಯವರೂ ರಾಣೇಬೆನ್ನೂರಿನವರೂ ಹಾವೇರಿಯಾಚೆಗೆ ಅಲೆಯಬೇಕಾಗಿಲ್ಲ. ವಸ್ತುವಿಗೆ ತೆತ್ತ ಬೆಲೆ 5 ಲಕ್ಷ ರೂಪಾಯಿಗಳವರೆಗಿದ್ದರೆ ಶುಲ್ಕವೇ ಇಲ್ಲ. ವಕೀಲರನ್ನು ನೇಮಿಸಲೇಬೇಕೆಂಬ ನಿರ್ಬಂಧವೂ ಇಲ್ಲ. ಘಟನೆಯ ವಿವರ, ಬೇಡುವ ಪರಿಹಾರ, ಬಿಲ್ಲು ಮತ್ತು ನೋಟೀಸಿನ ಪ್ರತಿಗಳು, ಒಂದು ಪ್ರಮಾಣಪತ್ರ (ಅಫಿಡವಿಟ್), ಇಷ್ಟಿದ್ದರೆ ದೂರು ಸಿದ್ಧ. ಜಾಲದ ಮೂಲಕವೂ ಸಲ್ಲಿಸಬಹುದು. ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ಸಲ್ಲಿಸಬೇಕೆಂಬುದನ್ನು ಮಾತ್ರ ಮರೆಯಕೂಡದು.

ಎದುರುಪಕ್ಷಕ್ಕೆ ಉತ್ತರಿಸಲು 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ ಕಾಲಾವಕಾಶ. ನೋಟೀಸು ತಲುಪಿದ 3 ತಿಂಗಳೊಳಗೆ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ 5 ತಿಂಗಳೊಳಗೆ, ತೀರ್ಮಾನಿಸಲು ಯತ್ನಿಸಬೇಕೆಂದು ಅಧಿನಿಯಮ ಹೇಳುತ್ತದೆ. ಆಚರಣೆಯಲ್ಲಿ ವಿಳಂಬವಾದೀತೆಂಬ ಸಿದ್ಧತೆಯಿರಲಿ. ತೀರ್ಪು ಒಪ್ಪಿಗೆಯಾಗದವರು 45 ದಿನಗಳೊಳಗೆ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಆದೇಶವನ್ನು ಪಾಲಿಸದವರಿಗೆ 72ನೆಯ ಪ್ರಕರಣದಲ್ಲಿ ಒಂದು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ 25,000 ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ಉಂಟು. ಅರ್ಜಿ ಬರೆಯಲು ನೆರವು ಬೇಕಾದವರು ಹಾವೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನೋ ತಮ್ಮ ತಾಲ್ಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವೆಗಳ ಸಮಿತಿಯನ್ನೋ ಕಾಣಬಹುದು, ಇಲ್ಲವೆ 15100ಕ್ಕೆ ಕರೆಮಾಡಬಹುದು. ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಅಲ್ಲಿ ತಮ್ಮ ಆದಾಯವೆಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು.